ಈಸ್ಟರ್‌ಗೆ ಮನೆ ಅಂಗಳದಲ್ಲಿ ಎಗ್ ಹಂಟ್: 14 ಮಕ್ಕಳು, ಸೆಕೆ, ಇರುವೆ. ಹೇಗೆ ಹೊಂದಿಸುವುದು?

ಶಿರ್ವದಂಗಳ

2026ರ ಈಸ್ಟರ್ ಏಪ್ರಿಲ್ 5ಕ್ಕೆ. ಮಧ್ಯಾಹ್ನದ ಊಟಕ್ಕೆ ಕುಟುಂಬದವರೆಲ್ಲ ಉಡುಪಿ ಜಿಲ್ಲೆಯ ಶಿರ್ವದ ಮನೆಯಲ್ಲಿ ಸೇರುವುದು, ಮಕ್ಕಳೇ 14 ಜನ. 2ರಿಂದ 4 ವರ್ಷದವರು ಮೂವರು, 5ರಿಂದ 8ರವರು ಆರು ಜನ, 9ರಿಂದ 12ರವರು ಐವರು. ಈ ಸಲ ಎಗ್ ಹಂಟ್, ಅಂದರೆ ಸಿಹಿ ತುಂಬಿಸಿ ಅಡಗಿಸಿಟ್ಟ ಪ್ಲಾಸ್ಟಿಕ್ ಮೊಟ್ಟೆಗಳನ್ನು ಮಕ್ಕಳು ಹುಡುಕುವ ಆಟ, ಮಾಡುವ ಅಂತ ಉಂಟು. ಮನೆ ಎದುರು ಇಂಟರ್‌ಲಾಕ್ ಹಾಕಿದ ಅಂಗಳ, ಬಲಗಡೆ ತೊಂಡೆ ಚಪ್ಪರ, ಅಂಗಳದ ಅಂಚಿಗೆ ದಾಸವಾಳ ಮತ್ತು ಕ್ರೋಟನ್ ಸಾಲು, ಹಿಂದೆ ಏಳೆಂಟು ತೆಂಗಿನ ಮರ, ಒಂದು ಮಾವು, ಬಾವಿ.

ಯೂಟ್ಯೂಬಿನಲ್ಲಿ ತೋರಿಸುವುದೆಲ್ಲ ತಣ್ಣಗಿನ ದೇಶದ ಹುಲ್ಲುಹಾಸು. ಅಲ್ಲಿ ಚಾಕ್ಲೇಟ್ ಹೊರಗಿಟ್ಟರೂ ಕರಗುವುದಿಲ್ಲ. ನಮ್ಮಲ್ಲಿ ಎಷ್ಟು ಮೊಟ್ಟೆ ಬೇಕು, ಒಳಗೆ ಎಂತ ಹಾಕುವುದು, ದೊಡ್ಡ ಮಕ್ಕಳು ಎಲ್ಲ ಬಾಚಿಕೊಂಡು ಹೋಗದ ಹಾಗೆ ಹೇಗೆ ಮಾಡುವುದು? ಬೇಯಿಸಿ ಬಣ್ಣ ಹಾಕಿದ ಮೊಟ್ಟೆ, ಮಾರ್ಜಿಪಾನ್ (ಗೇರುಬೀಜ, ಸಕ್ಕರೆಯ ಸಿಹಿ) ಮೊಟ್ಟೆ ಎರಡೂ ಇರಲಿ ಅಂತ ಹಿರಿಯರ ಆಸೆ.

ಬೆಂದೂರುಬೈಲು

ಮೊದಲು ಹೊತ್ತು ಗೊತ್ತುಮಾಡಿ, ಉಳಿದದ್ದು ಅದರ ಹಿಂದೆ ಬರ್ತದೆ. ಊಟ ಆದ ಕೂಡಲೇ 2 ಗಂಟೆಗೆ ಶುರು ಮಾಡುವ ಆಲೋಚನೆ ಇದ್ದರೆ ಬಿಡಿ. ಆ ಹೊತ್ತಿಗೆ ಇಂಟರ್‌ಲಾಕ್ ಮೇಲೆ ಬರಿಗಾಲಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ. ಅಡಗಿಸುವ ಕೆಲಸ 4.30ಕ್ಕೆ, ಹಂಟ್ 5ಕ್ಕೆ, 5.45ಕ್ಕೆ ಎಲ್ಲ ಮುಗಿದಿರಬೇಕು. 6.40ರ ಸುಮಾರಿಗೆ ಸೂರ್ಯ ಮುಳುಗುವುದು, ಉಳಿದ ಮೊಟ್ಟೆ ಹುಡುಕಲು ಬೆಳಕು ಬೇಕಲ್ಲ. ಬೆಳಿಗ್ಗೆಯೇ ಅಡಗಿಸಿಟ್ಟು ಚರ್ಚಿಗೆ ಹೋಗಿ ಬರುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಬರುವಷ್ಟರಲ್ಲಿ ಇರುವೆ ಮತ್ತು ಕಾಗೆ ಹಂಟ್ ಮುಗಿಸಿರುತ್ತವೆ.

ಲೆಕ್ಕ ಹೀಗೆ. ಪುಟ್ಟವರಿಗೆ ತಲಾ 8, ಅಂದರೆ 24. ನಡುವಿನ ಆರು ಜನಕ್ಕೆ ತಲಾ 10, ಅಂದರೆ 60. ಒಟ್ಟು 84 ಪ್ಲಾಸ್ಟಿಕ್ ಮೊಟ್ಟೆ. 100ರ ಪ್ಯಾಕ್ ತಂದರೆ ಸಾಕು. ಅಗ್ಗದ್ದರಲ್ಲಿ ಕೆಲವು ಮುಚ್ಚಳ ಸರಿ ಕೂರುವುದಿಲ್ಲ, 16 ಹೆಚ್ಚಿಗೆ ಇರುವುದು ಅದಕ್ಕೇ. 9 ದಾಟಿದವರಿಗೆ ಪೊದೆಯಲ್ಲಿ ಮೊಟ್ಟೆ ಹೆಕ್ಕುವುದು ಐದು ನಿಮಿಷದ ಕೆಲಸ, ಅವರಿಗೆ ಒಗಟಿನ ಹಂಟ್ ಬೇರೆ ಮಾಡಿ.

ಬಾಚಿಕೊಳ್ಳುವ ಸಮಸ್ಯೆಗೆ ಒಂದೇ ಮದ್ದು: ಒಂದು ಮಗುವಿಗೆ ಒಂದು ಬಣ್ಣ. ಆರು ಬಣ್ಣ ಇರುವ ಪ್ಯಾಕ್ ಆರಿಸಿ, ನಿಮ್ಮ ಆರು ಮಕ್ಕಳಿಗೆ ಸರಿಹೊಂದುತ್ತದೆ. ಹಳದಿ ಸಿಕ್ಕಿದವಳು ನೀಲಿ ಕಂಡರೆ ಮುಟ್ಟುವ ಹಾಗಿಲ್ಲ, ಎಲ್ಲಿ ಉಂಟು ಅಂತ ಹೇಳುವ ಹಾಗೂ ಇಲ್ಲ. ಹಸಿರನ್ನು ಮಾತ್ರ ಎಂಟು ವರ್ಷದವರಿಗೇ ಕೊಡಿ. ತೊಂಡೆ ಎಲೆಯ ನಡುವೆ ಹಸಿರು ಮೊಟ್ಟೆ ಕಾಣುವುದೇ ಇಲ್ಲ, ಐದು ವರ್ಷದ ಮಗುವಾದರೆ ಅತ್ತುಬಿಡುತ್ತದೆ. ಪುಟ್ಟವರದ್ದು ಪೂರ್ತಿ ಬೇರೆ ಜಾಗ: ಜಗಲಿ, ಮೆಟ್ಟಿಲು, ಹೂಕುಂಡದ ಬದಿ. ಅಲ್ಲಿ ಬಣ್ಣದ ನಿಯಮ ಬೇಡ, ಮೊಟ್ಟೆ ಮುಕ್ಕಾಲು ಕಾಣುವ ಹಾಗೆ ನೆಲದಲ್ಲೇ ಇಡಿ. ಅವರನ್ನು 10 ನಿಮಿಷ ಮೊದಲು ಬಿಟ್ಟರೆ ಗದ್ದಲ ಇಲ್ಲ. ನಡುವಿನವರಿಗೆ ಮೊಣಕಾಲಿನಿಂದ ನಾಲ್ಕು ಅಡಿ ಎತ್ತರದವರೆಗೆ ಇಡಬಹುದು. ಅದಕ್ಕಿಂತ ಮೇಲಿಟ್ಟರೆ ಯಾವುದಾದರೂ ಕುರ್ಚಿ ಎಳೆದು ಹತ್ತುತ್ತಾರೆ.

ಅಡಗಿಸುವವರು ಇಬ್ಬರು ಸಾಕು, ಆದರೆ ಒಬ್ಬರ ಕೈಯಲ್ಲಿ ಕಾಗದ ಇರಲೇಬೇಕು. "ತೊಂಡೆ ಚಪ್ಪರ 22, ದಾಸವಾಳ ಸಾಲು 18" ಹೀಗೆ ಜಾಗ ಮತ್ತು ಸಂಖ್ಯೆ. ಕೊನೆಗೆ ಬುಟ್ಟಿಯಲ್ಲಿ 84 ಬರಬೇಕು. 81 ಬಂದರೆ ಯಾವ ಜಾಗದಲ್ಲಿ ಹುಡುಕುವುದು ಅಂತ ಕಾಗದ ಹೇಳ್ತದೆ. ಇಲ್ಲದಿದ್ದರೆ ಆ ಮೂರು ಮಳೆಗಾಲದಲ್ಲಿ ತೋಡಿಗೆ ಹೋಗುತ್ತವೆ.

ಎಲ್ಲಿ ಇಡಬಾರದು ಅಂತ ಈಗಲೇ ತೀರ್ಮಾನಿಸಿ. ಮುರಕಲ್ಲಿನ ಗೋಡೆಯ ಸಂದು, ಹಳೇ ಹಂಚಿನ ರಾಶಿ, ಕಟ್ಟಿಗೆ ಕೊಟ್ಟಿಗೆ, ಒಣ ಮಡಲಿನ ರಾಶಿ ಬೇಡವೇ ಬೇಡ. ಚೇಳು, ಹಾವು ತಂಪು ಹುಡುಕಿಕೊಂಡು ಹೋಗುವುದು ಅಲ್ಲಿಗೇ, ಮಕ್ಕಳು ನೋಡದೆ ಕೈ ಹಾಕುವುದೂ ಅಲ್ಲಿಗೇ. ತೆಂಗಿನ ಮರದ ಅಡಿ ಬೇಕೇ ಬೇಕು ಅಂತಿದ್ದರೆ ಹಿಂದಿನ ವಾರವೇ ಬಲಿತ ಕಾಯಿ, ಒಣ ಮಡಲು ಇಳಿಸಿಬಿಡಿ. ಇಳಿಸಲು ಜನ ಸಿಗದಿದ್ದರೆ ಹಿತ್ತಿಲಿಗೆ ಹಗ್ಗ ಕಟ್ಟಿ ಆ ಕಡೆಯನ್ನೇ ಬಿಡಿ. ಬಾವಿಗೆ ಕಬ್ಬಿಣದ ಬಲೆ ಇದ್ದರೂ ಹತ್ತಿರ ಒಬ್ಬ ದೊಡ್ಡವರು ಕೂತಿರಲಿ.

ತೊಂಡೆಚಪ್ಪರ

ಇರುವೆಯ ವಿಷಯ ನಾನು ಹೇಳ್ತೇನೆ. ಪ್ಲಾಸ್ಟಿಕ್ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಹೆಚ್ಚಿನದರಲ್ಲಿ ತುದಿಗೆ ಒಂದೋ ಎರಡೋ ಸೂಜಿಯಷ್ಟು ಸಣ್ಣ ತೂತು ಇರುತ್ತದೆ. ಇರುವೆ ಹೋಗುವುದು ಅದರಲ್ಲೇ. ಒಳಗಿನಿಂದ ಸೆಲ್ಲೋಟೇಪ್ ತುಂಡು ಅಂಟಿಸಿ ಆಮೇಲೆ ತುಂಬಿಸಿ. ಹೊರಗಿನಿಂದ ಅಂಟಿಸಿದರೆ ಮಕ್ಕಳ ಬೆವರು ಕೈಗೆ ಕಿತ್ತು ಬರುತ್ತದೆ. ತುಂಬಿಸಿದ ಮೇಲೆ ಪ್ರತಿಯೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಸಕ್ಕರೆ ಹತ್ತಿದ ಬೆರಳಿನ ಗುರುತು ಸಾಕು ಸಾಲು ಹಿಡಿಯಲು. 4.30ರವರೆಗೆ ಬುಟ್ಟಿಯನ್ನು ನೀರು ತುಂಬಿದ ಹರಿವಾಣದ ನಡುವೆ ಒಂದು ಪಾತ್ರೆ ಕವುಚಿ ಅದರ ಮೇಲಿಡಿ. ಇರುವೆ ಚಾಕ್ ಗೀಚುವುದು ಮಾತ್ರ ಬೇಡ, ಅದು ಕೀಟನಾಶಕ, ಮಕ್ಕಳು ಮುಟ್ಟಿದ ಕೈಯಲ್ಲೇ ಸಿಹಿ ತಿನ್ನುತ್ತಾರೆ.

ಮಾವಿನ ಮರದಲ್ಲಿ ಎಲೆ ಹೊಲಿದ ಗೂಡು ಕಂಡರೆ ಅದು ಚಗಳಿ, ಕಚ್ಚುವ ಕೆಂಪಿರುವೆ. ಆ ಮರಕ್ಕೆ ಒಂದು ಮೊಟ್ಟೆಯೂ ಬೇಡ. ಕೊಂಬೆ ಅಲುಗಿದರೆ ಸಾಕು, ಕುತ್ತಿಗೆಗೆ ಇಳಿಯುತ್ತವೆ.

ಇನ್ನು ಒಳಗೆ ಎಂತ ಹಾಕುವುದು. ಕೊಕೊ ಬೆಣ್ಣೆ ಸುಮಾರು 34 ಡಿಗ್ರಿಗೆ ಪೂರ್ತಿ ಕರಗುತ್ತದೆ, ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಬಿಸಿಲಿಗೆ ಬಿದ್ದ ಮುಚ್ಚಿದ ಪ್ಲಾಸ್ಟಿಕ್ ಒಳಗೆ ಹೊರಗಿಗಿಂತ ಸೆಕೆ ಜಾಸ್ತಿ. ಕರಗಿದ್ದನ್ನು ಮತ್ತೆ ಫ್ರಿಜ್ಜಿಗಿಟ್ಟರೆ ಗಟ್ಟಿಯಾಗುತ್ತದೆ, ಆದರೆ ಮೇಲೆ ಬಿಳಿ ಪೊರೆ ಬಂದು ಹಳತಾದ ಹಾಗೆ ಕಾಣುತ್ತದೆ. ಹಾಳಾದದ್ದಲ್ಲ, ಕೊಬ್ಬು ಮೇಲೆ ಬಂದದ್ದು ಅಷ್ಟೇ. ಹಾಗಾಗಿ ಚಾಕ್ಲೇಟ್ ಫ್ರಿಜ್ಜಿನಲ್ಲೇ ಇರಲಿ, ಮೊಟ್ಟೆಯೊಳಗೆ ಚೀಟಿ ಹಾಕಿ. "1 ಚಾಕ್ಲೇಟ್", "ಕ್ರೇಯಾನ್ ಪೆಟ್ಟಿಗೆ", "ರಾತ್ರಿ ಐಸ್‌ಕ್ರೀಮ್ ಮೊದಲು ನಿನಗೆ". ಹಂಟ್ ಮುಗಿದ ಮೇಲೆ ಜಗಲಿಯಲ್ಲಿ ಅಂಗಡಿ ಹಾಕಿ ಚೀಟಿಗೆ ಸಾಮಾನು ಕೊಡಿ. ಮಕ್ಕಳಿಗೆ ಆ ವ್ಯಾಪಾರವೇ ಹೆಚ್ಚು ಖುಷಿ.

10ರಲ್ಲಿ 4 ಚೀಟಿ, 4ರಲ್ಲಿ ಕಾಗದ ಸುತ್ತಿದ ಪೆಪ್ಪರ್‌ಮಿಂಟ್ ಅಥವಾ ಸಣ್ಣ ಎಳ್ಳು ಚಿಕ್ಕಿ, 2ರಲ್ಲಿ ರಬ್ಬರ್, ಸ್ಟಿಕರ್ ಥರದ್ದು. ಎಲ್ಲ ಬಣ್ಣಕ್ಕೂ ಇದೇ ಪಾಲು ಇರಲಿ, ಇಲ್ಲದಿದ್ದರೆ ಅಂಗಡಿಯ ಎದುರೇ ಜಗಳ. 2ರಿಂದ 4ರವರಿಗೆ ನೆಲಗಡಲೆ, ಗಟ್ಟಿ ಪೆಪ್ಪರ್‌ಮಿಂಟ್, ಗೋಲಿ, ಚೆನ್ನೆಮಣೆ ಆಟದ ಮಂಜೊಟ್ಟಿ ಬೀಜ ಯಾವುದೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೆ ಮೊಟ್ಟೆಗೊಂದು ಬಿಸ್ಕತ್ತು, ಇಲ್ಲವೇ ದೊಡ್ಡ ಸ್ಟಿಕರ್ ಸಾಕು. ಚಂದ ಕಾಣುತ್ತದೆ ಅಂತ ಗುಲಗಂಜಿ ಯಾರಿಗೂ ಹಾಕಬೇಡಿ, ಅದರ ಬೀಜ ವಿಷ.

ಮಲ್ಪೆಗಾಳಿ

ಬೇಯಿಸಿದ ಮೊಟ್ಟೆಯನ್ನು ಅಡಗಿಸಬೇಡಿ. 32 ಡಿಗ್ರಿ ಮೀರಿದ ಸೆಕೆಯಲ್ಲಿ ಬೇಯಿಸಿದ ಮೊಟ್ಟೆ ಒಂದು ಗಂಟೆಗಿಂತ ಹೆಚ್ಚು ಹೊರಗಿದ್ದರೆ ತಿನ್ನುವ ಹಾಗಿಲ್ಲ. ಅದು ಮೇಜಿಗೆ ಮತ್ತು ಗುದ್ದಾಟಕ್ಕೆ: ಇಬ್ಬರು ಮೊಟ್ಟೆಯ ಚೂಪು ತುದಿ ತಾಗಿಸಿ ಕುಟ್ಟುವುದು, ಒಡೆಯದವರು ಗೆದ್ದರು. ತಲೆಗೆ ಒಂದು ಮತ್ತು ನಾಲ್ಕು ಹೆಚ್ಚು ಅಂತ 18 ಬೇಯಿಸಿ.

ಬಣ್ಣಕ್ಕೆ ಫಾರ್ಮಿನ ಬಿಳಿ ಮೊಟ್ಟೆಯೇ ಆಗಬೇಕು, ಊರ ಕೋಳಿ ಮೊಟ್ಟೆಯ ಕಂದು ಚಿಪ್ಪಿನಲ್ಲಿ ಬಣ್ಣ ಮಂಕು. ತಂದು ನಾಲ್ಕೈದು ದಿನ ಆದದ್ದು ಒಳ್ಳೆಯದು, ತೀರಾ ಹೊಸತಾದರೆ ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬರುತ್ತದೆ. ತಣ್ಣೀರಲ್ಲೇ ಇಟ್ಟು, ಒಂದಿಂಚು ಮೇಲೆ ನೀರು ನಿಲ್ಲಿಸಿ, ಕುದಿ ಬಂದ ಕೂಡಲೇ ಒಲೆ ಆರಿಸಿ, ಮುಚ್ಚಿ 12 ನಿಮಿಷ ಬಿಡಿ. ಫ್ರಿಜ್ಜಿನಿಂದ ತೆಗೆದು ನೇರ ಕುದಿಯುವ ನೀರಿಗೆ ಹಾಕಿದರೆ ಬಿರುಕು ಬಿಡಬಹುದು.

ಪುಡಿ ಬಣ್ಣ ಬೇಡ ಅಂತಾದರೆ ಅಡುಗೆಮನೆಯೇ ಸಾಕು. ಒಂದು ದೊಡ್ಡ ಬೀಟ್‌ರೂಟ್ ತುರಿದು ಎರಡು ಕಪ್ ನೀರಲ್ಲಿ 15 ನಿಮಿಷ ಕುದಿಸಿ ಸೋಸಿದರೆ ಗುಲಾಬಿ. ಎರಡು ದೊಡ್ಡ ಚಮಚ ಅರಿಶಿನಕ್ಕೆ ಅಷ್ಟೇ ನೀರು, ಹಳದಿ. ಎಂಟು ಹತ್ತು ಈರುಳ್ಳಿಯ ಒಣ ಸಿಪ್ಪೆ ಇಟ್ಟಿಗೆ ಕೆಂಪು ಕೊಡುತ್ತದೆ. ನೇರಳೆ ಕ್ಯಾಬೇಜಿನ ನೀರು ನೇರಳೆಯಾಗಿಯೇ ಇರುತ್ತದೆ, ಮೊಟ್ಟೆ ಮಾತ್ರ ನೀಲಿಯಾಗಿ ಹೊರಗೆ ಬರುತ್ತದೆ, ಮಕ್ಕಳಿಗೆ ತೋರಿಸಿ. ಪ್ರತಿ ಕಪ್‌ಗೆ ಒಂದು ದೊಡ್ಡ ಚಮಚ ವಿನೆಗರ್. ಹುಳಿ ಇಲ್ಲದಿದ್ದರೆ ಚಿಪ್ಪು ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಹೆಚ್ಚಾದರೆ ಚಿಪ್ಪಿನ ಸುಣ್ಣವೇ ಕರಗಿ ಮೇಲ್ಮೈ ಒರಟಾಗುತ್ತದೆ. ಬಣ್ಣದ ನೀರು ಪೂರ್ತಿ ತಣಿದ ಮೇಲೆ ಮೊಟ್ಟೆ ಮುಳುಗಿಸಿ ಶನಿವಾರ ರಾತ್ರಿ ಫ್ರಿಜ್ಜಿನಲ್ಲಿಡಿ, ಈಸ್ಟರ್ ಜಾಗರಣೆಯ ಪೂಜೆಗೆ ಹೋಗುವ ಮೊದಲು ಇಟ್ಟರೆ ಬೆಳಿಗ್ಗೆಗೆ ಸರಿಯಾಗುತ್ತದೆ. ತೆಗೆದು ಒರೆಸಬಾರದು, ತಂತಿ ಜಾಲರಿಯ ಮೇಲೆ ಒಣಗಲಿ, ಒಣಗಿದ ಮೇಲೆ ಒಂದು ಹನಿ ತೆಂಗಿನೆಣ್ಣೆ ಸವರಿದರೆ ಹೊಳಪು. ಬೀಟ್‌ರೂಟ್ ಗುಲಾಬಿ ಬೇಗ ಕಂದಾಗುತ್ತದೆ, ಅದನ್ನು ನಂಬಿಕೊಂಡು ಶುಕ್ರವಾರವೇ ಹಾಕಬೇಡಿ.

ಶಿರ್ವದಂಗಳ

ಚೀಟಿ ಅಂಗಡಿ ತುಂಬ ಹಿಡಿಸಿತು. ಮಾರ್ಜಿಪಾನ್ ಮನೆಯಲ್ಲೇ ಮಾಡಬಹುದೋ, ಬೇಕರಿಗೆ ಹೇಳುವುದೋ? ಮತ್ತೆ ದೊಡ್ಡವರ ಒಗಟಿನ ಹಂಟ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ ಮಾರಾಯ್ರೆ.

ಗೇರುಬೀಜ

ಹೆಸರು ಬರೆದ, ಐಸಿಂಗ್ ಹೂ ಇಟ್ಟ ಟೊಳ್ಳು ಮೊಟ್ಟೆ ಬೇಕಾದರೆ ಬೇಕರಿಗೇ ಹೇಳಿ, ಈಸ್ಟರ್‌ಗಿಂತ ಒಂದು ವಾರ ಮೊದಲಿನ ಗರಿಗಳ ಭಾನುವಾರದ ಒಳಗೆ ಆರ್ಡರ್ ಕೊಟ್ಟುಬಿಡಿ, ಪವಿತ್ರ ವಾರದಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ. ಸಣ್ಣ ಗಟ್ಟಿ ಮೊಟ್ಟೆಗಳು ಮನೆಯಲ್ಲೇ ಸಲೀಸು.

ಗೇರುಬೀಜ 250 ಗ್ರಾಂ, ಸಕ್ಕರೆ 250 ಗ್ರಾಂ, ಒಂದು ಮೊಟ್ಟೆಯ ಬಿಳಿ, ಎರಡು ದೊಡ್ಡ ಚಮಚ ಗುಲಾಬಿ ನೀರು. ಬೀಜ ಒಣಗಿರಬೇಕು. ಮಿಕ್ಸಿಯನ್ನು ಐದೈದು ಸೆಕೆಂಡ್ ಓಡಿಸಿ ನಿಲ್ಲಿಸಿ, ಜರಡಿ ಹಿಡಿಯಿರಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಆಮೇಲೆ ಏನು ಮಾಡಿದರೂ ಆಕಾರ ನಿಲ್ಲುವುದಿಲ್ಲ. ಎಲ್ಲ ಕೂಡಿಸಿ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ. ತಳ ಬಿಟ್ಟು ಉಂಡೆಯಾಗಿ ಸುತ್ತಲು ಶುರುವಾದಾಗ ಚೂರು ತೆಗೆದು ತಣಿಸಿ ಉರುಟಿ ನೋಡಿ. ಬೆರಳಿಗೆ ಅಂಟಿದರೆ ಇನ್ನೂ ಎರಡು ನಿಮಿಷ. ಬಿರುಕು ಬಿಟ್ಟರೆ ಬೆಂದದ್ದು ಜಾಸ್ತಿ, ಗುಲಾಬಿ ನೀರು ಹನಿ ಹನಿ ಹಾಕಿ ನಾದಿದರೆ ಸರಿಯಾಗುತ್ತದೆ. ಬಿಸಿ ಇರುವಾಗಲೇ ನಾದಬೇಕು, ತಣಿದರೆ ನಯ ಬರುವುದಿಲ್ಲ. 20 ಗ್ರಾಮಿನ ಸುಮಾರು 24 ಮೊಟ್ಟೆ ಆಗುತ್ತದೆ.

ನಮ್ಮ ಗಾಳಿಯ ಪಸೆಗೆ ಇದು ಬೆವರುತ್ತದೆ. ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿ ಬಿಗಿ ಡಬ್ಬಿಯಲ್ಲಿಡಿ. ಫ್ರಿಜ್ಜಿಗಿಟ್ಟರೆ, ಹೊರಗೆ ತೆಗೆದ ಮೇಲೆ ಡಬ್ಬಿಯ ಚಳಿ ಬಿಡುವವರೆಗೆ ಮುಚ್ಚಳ ತೆರೆಯಬೇಡಿ. ತೆರೆದರೆ ನೀರು ಕೂತು ಐಸಿಂಗ್ ಬಣ್ಣ ಹರಿಯುತ್ತದೆ. ಗೇರುಬೀಜ ಆಗದ ಮಗು ಉಂಟೋ ಅಂತ ತಾಯಂದಿರನ್ನು ಮೊದಲೇ ಕೇಳಿಕೊಳ್ಳಿ.

ಬೆಂದೂರುಬೈಲು

ಒಗಟಿನ ಹಂಟ್: ಐವರನ್ನು ಇಬ್ಬರು, ಮೂವರು ಅಂತ ಎರಡು ತಂಡ ಮಾಡಿ, 12ರವನನ್ನು ಇಬ್ಬರ ತಂಡಕ್ಕೆ ಹಾಕಿ. ಆರು ಜಾಗ, ಆರನೆಯದರಲ್ಲಿ ಬಹುಮಾನ. ಮೊದಲ ಚೀಟಿ ಕೈಗೆ ಕೊಡುವುದು, ಉಳಿದವು ಬೆಂಕಿಪೆಟ್ಟಿಗೆಯೊಳಗೆ. ಐದು ಜಾಗಕ್ಕೆ ಎರಡೆರಡು ಅಂದರೆ 10 ಪೆಟ್ಟಿಗೆ, ಒಂದು ತಂಡದ್ದಕ್ಕೆ ಕೆಂಪು ನೂಲು, ಇನ್ನೊಂದಕ್ಕೆ ನೀಲಿ. ಒಂದು ತಂಡ 1, 2, 3, 4, 5, 6 ಅಂತ ಹೋದರೆ ಇನ್ನೊಂದು 3, 5, 4, 1, 2, 6. ಈ ಕ್ರಮದಲ್ಲಿ ಸಮ ವೇಗದಲ್ಲಿ ಓಡಿದರೆ ಕೊನೆಯವರೆಗೆ ಎರಡು ತಂಡ ಒಂದೇ ಕಡೆ ಸೇರುವುದಿಲ್ಲ, ಒಬ್ಬರ ಹಿಂದೆ ಒಬ್ಬರು ಓಡುವುದು ತಪ್ಪುತ್ತದೆ. ಚೀಟಿ ಬರೆಯುವಾಗ ಕೊನೆಯಿಂದ ಹಿಂದಕ್ಕೆ ಬನ್ನಿ, ಮತ್ತು ನೆನಪಿಡಿ: ಒಂದು ಜಾಗದ ಪೆಟ್ಟಿಗೆಯಲ್ಲಿ ಇರಬೇಕಾದ್ದು ಆ ಜಾಗದ ಒಗಟಲ್ಲ, ಮುಂದಿನದ್ದು. ಹೆಚ್ಚಿನ ಹಂಟ್ ಕೆಡುವುದು ಇಲ್ಲೇ.

ಒಗಟು ಮನೆಯ ವಸ್ತುವಿನದ್ದೇ ಇರಲಿ. "ಕೂತವರ ಕೆಳಗೆ ಮಲಗಿದೆ, ಹಲ್ಲು ಮಾತ್ರ ಹೊರಗೆ": ಹೆರೆಮಣೆ. "ಹೊಟ್ಟೆಯಲ್ಲಿ ಕಲ್ಲು, ಕಲ್ಲಿನ ಸುತ್ತ ಹಿಟ್ಟು": ರುಬ್ಬುವ ಕಲ್ಲು. "ಕಾಲಿಲ್ಲದೆ ಹತ್ತಿದೆ, ಕೈಯಿಲ್ಲದೆ ಹಿಡಿದಿದೆ, ನೂರು ಹಸಿರು ಬೆರಳು ಇಳಿಬಿಟ್ಟಿದೆ": ತೊಂಡೆ ಚಪ್ಪರ. ಹೆರೆಮಣೆಯ ಹಲ್ಲಿಗೆ ಬಟ್ಟೆ ಸುತ್ತಿ. ಬಾವಿಯನ್ನು ಉತ್ತರವಾಗಿ ಇಡಲೇಬೇಡಿ, ಎರಡು ತಂಡ ಓಡಿ ಬಂದು ಕಟ್ಟೆಗೆ ಬಗ್ಗುತ್ತವೆ.

ಮಲ್ಪೆಗಾಳಿ

@ಬೆಂದೂರುಬೈಲು, ಬಣ್ಣದ ನಿಯಮದಲ್ಲಿ ಒಂದು ತಕರಾರು. ಏಳು ಎಂಟರವರಿಗೆ ಓಟದ ಮಜವೇ ಹೋಗುತ್ತದೆ. ತಲಾ 8 ಬಣ್ಣದ್ದು, ಉಳಿದ 12ಕ್ಕೆ ಬೆಳ್ಳಿ ಕಾಗದ ಸುತ್ತಿ ಯಾರಿಗೆ ಸಿಕ್ಕಿದರೂ ಅವರದ್ದೇ ಅಂತ ಮಾಡಿದರೆ? ಒಬ್ಬರಿಗೆ ಮೂರಕ್ಕಿಂತ ಹೆಚ್ಚಿಲ್ಲ ಅಂತ ಕಟ್ಟು ಹಾಕಿದರಾಯಿತು.

ಬೆಂದೂರುಬೈಲು

ಆಗಬಹುದು, ಒಟ್ಟು 60ಕ್ಕೇ ಬರುತ್ತದೆ. ಬೆಳ್ಳಿಯದ್ದರಲ್ಲಿ ಎಲ್ಲದಕ್ಕೂ ಒಂದೇ ಥರದ ಚೀಟಿ ಹಾಕಿ.

ಶಿರ್ವದಂಗಳ

ಎಲ್ಲರಿಗೂ ಥ್ಯಾಂಕ್ಸ್. ಗುಡುಗು ಮಳೆ ಬಂದರೆ?

ತೊಂಡೆಚಪ್ಪರ

ಏಪ್ರಿಲಿನಲ್ಲಿ ಸಂಜೆಗೇ ಬರುವುದು ಅದು. ಮಧ್ಯಾಹ್ನ ಮೂಡಣದಲ್ಲಿ, ಘಟ್ಟದ ಕಡೆ ಕಪ್ಪಾದರೆ ಅಡಗಿಸಲಿಕ್ಕೇ ಹೋಗಬೇಡಿ, 60ನ್ನೂ ಒಳಗೆ ತನ್ನಿ. ಒಬ್ಬರಿಗೆ ಒಂದು ಕೋಣೆ ಅಂತ ಹಂಚಿದರೆ ತಳ್ಳಾಟ ಇಲ್ಲ: ಚಾವಡಿ, ಅಟ್ಟದ ಮೆಟ್ಟಿಲು, ಮಲಗುವ ಕೋಣೆಗಳು. ಅಡುಗೆಮನೆ ಬೇಡ. ಚೀಟಿಗಳನ್ನು ಪೆನ್ಸಿಲಿನಲ್ಲೋ ಬಾಲ್‌ಪೆನ್ನಿನಲ್ಲೋ ಬರೆಯಿರಿ, ಸ್ಕೆಚ್ ಪೆನ್ನು ಒಂದು ಹನಿ ತಾಗಿದರೂ ಹರಡುತ್ತದೆ.