ರೊಪ್ಪಕ್ಕೆ ಬರ್ತಿರೋದು ತೋಳನಾ, ನಾಯಿನಾ? ಏನು ಮಾಡಬೇಕು?

ಜಗಳೂರು ಕುರಿಗಾರ:
ರಂಗಯ್ಯನದುರ್ಗ ಕಾಡಂಚಿನಲ್ಲಿ ನಮ್ಮ ರೊಪ್ಪ, ಅಂದ್ರೆ ಕುರಿ ಕೂಡೋ ದೊಡ್ಡಿ. 60 ಬಳ್ಳಾರಿ ಕುರಿ, 20 ಮರಿ. ಕಲ್ಲುಗೋಡೆ 4 ಅಡಿ, ಮೇಲೆ ಜಾಲಿ ಮುಳ್ಳು. ಇತ್ತೀಚೆಗೆ ಎರಡು ಎಳೆ ಮರಿ ಕಾಣೆಯಾದವು, ಒಂದು ಹನಿ ರಕ್ತವೂ ಬಿದ್ದಿಲ್ಲ. ನಿನ್ನೆ ರಾತ್ರಿ ಮೂರು ಕುರಿಗಳ ಹಿಂದೊಡೆ ಹರಿದಿದೆ, ತಿಂದಿಲ್ಲ. ಊರವರೆಲ್ಲ ತೋಳ ಅಂತಾರೆ, ಮಾಂಸಕ್ಕೆ ವಿಷ ಹಾಕಿಡು ಅಂತಾರೆ. ಆ ಕೆಲಸಕ್ಕೆ ನನಗೆ ಮನಸ್ಸಿಲ್ಲ. ತಿಳಿದವರು ಬೇರೆ ದಾರಿ ಹೇಳಿ.

ಬಯಲುಸೀಮೆ ವನ್ಯಜೀವಿ:
ಅಣ್ಣಾ, ಇವು ಎರಡು ಬೇರೆ ಬೇರೆ ಪ್ರಾಣಿಗಳ ಕೆಲಸ ಇದ್ದಂಗಿದೆ. ಮರಿಯನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗೋದು ತೋಳದ ರೀತಿ. ತೀರಾ ಎಳೆ ಮರಿಯಾದ್ರೆ ನರಿಯೂ ಒಯ್ಯಬಹುದು. ಹಿಂದೊಡೆ, ಬಾಲ, ಕಿವಿ ಹರಿದು, ಮೂರ್ನಾಲ್ಕು ಕುರಿ ಕಚ್ಚಿ, ತಿನ್ನದೆ ಹೋಗೋದು ಹೆಚ್ಚಾಗಿ ಬೀದಿನಾಯಿಗಳು. ತೋಳ ಸಾಮಾನ್ಯವಾಗಿ ಗಂಟಲಿಗೆ, ಕತ್ತಿಗೆ ಬಾಯಿ ಹಾಕುತ್ತೆ.

ಮುಂದೆ ಕುರಿ ಸತ್ತರೆ, ಡಾಕ್ಟರು ಬಂದಾಗ ಕತ್ತಿನ ಚರ್ಮ ಬಿಡಿಸಿ ನೋಡಲು ಹೇಳಿ. ಉಣ್ಣೆಯ ಮೇಲಿಂದ ಹಲ್ಲಿನ ತೂತು ಕಾಣಲ್ಲ. ಚರ್ಮದಡಿ ರಕ್ತ ಹೆಪ್ಪುಗಟ್ಟಿದ್ರೆ ಜೀವ ಇದ್ದಾಗಲೇ ಕಚ್ಚಿದೆ. ಹೆಪ್ಪು ಇಲ್ಲದಿದ್ರೆ ಮೊದಲೇ ಸತ್ತಿದ್ದನ್ನು ಆಮೇಲೆ ಯಾವುದೋ ಬಂದು ತಿಂದಿದೆ. ಎರಡು ಕೋರೆಹಲ್ಲಿನ ತೂತುಗಳ ನಡುವೆ ತೋಳದ್ದಾದ್ರೆ ಸುಮಾರು 4 ಸೆಂ.ಮೀ., ನರಿಯದ್ದಾದ್ರೆ 3 ಸೆಂ.ಮೀ. ಒಳಗೆ. ದೊಡ್ಡ ನಾಯಿಯ ಅಳತೆ ತೋಳದ ಅಳತೆಗೆ ಹತ್ತಿರ ಬರೋದ್ರಿಂದ ಇದೊಂದನ್ನೇ ನಂಬಬೇಡಿ.

ಹೆಜ್ಜೆ ನೋಡೋಕೆ ಬಾಗಿಲ ಮುಂದೆ 3 ಅಡಿ ಅಗಲ ಜರಡಿ ಹಿಡಿದ ಮಣ್ಣು ತೆಳ್ಳಗೆ ಹರಡಿ, ಸಂಜೆ ಪೊರಕೆಯಿಂದ ಸಮ ಮಾಡಿ. ನರಿಯ ಹೆಜ್ಜೆ 5 ಸೆಂ.ಮೀ. ಆಸುಪಾಸು, ನಡುವಿನ ಎರಡು ಬೆರಳಿನ ಮೆತ್ತೆ ಹಿಂಬದಿಯಲ್ಲಿ ಕೂಡಿಕೊಂಡಿರುತ್ತೆ. ತೋಳದ ಹೆಜ್ಜೆ ಉದ್ದಕ್ಕೆ, 8 ಸೆಂ.ಮೀ. ಮೇಲೆ. ಅದು ನೇರ ಸಾಲಿನಲ್ಲಿ ನಡೆಯುತ್ತೆ, ನಾಯಿ ಅತ್ತ ಇತ್ತ ಅಲೆದಾಡುತ್ತೆ.

ಪಶುವೈದ್ಯ, ದಾವಣಗೆರೆ:
ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಆ ಮೂರು ಕುರಿ. ಕೈಗವಸು ಹಾಕಿಕೊಂಡು ಗಾಯಕ್ಕೆ ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಪೊವಿಡೋನ್ ಅಯೋಡಿನ್ ಹಚ್ಚಿ, ಹೊಲಿಗೆ ಬೇಡ. ಇವತ್ತೇ ಪಶು ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಶುರು ಮಾಡಿಸಿ: 0, 3, 7, 14, 28ನೇ ದಿನ. ಬೇರೆ ಕಟ್ಟಿಹಾಕಿ, ಬಾಯಿಗೆ ಬರಿಗೈ ಹಾಕಬೇಡಿ. ಹಗಲಲ್ಲೇ ಹೆದರದೆ ಊರೊಳಗೆ ಬಂದು ಸಿಕ್ಕವರನ್ನೆಲ್ಲ ಕಚ್ಚುವ ತೋಳ, ನರಿ ಕಂಡ್ರೆ ರೇಬಿಸ್ ಅಂತಲೇ ತಿಳಿಯಿರಿ. ಮನುಷ್ಯರಿಗೆ ಕಚ್ಚಿದ್ರೆ ಇದೇ ರೀತಿ ತೊಳೆದು ತಕ್ಷಣ ಜಿಲ್ಲಾಸ್ಪತ್ರೆಗೆ ಹೋಗಬೇಕು. ಚರ್ಮ ಹರಿದು ರಕ್ತ ಬಂದಿದ್ರೆ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಬೇಕು.

ಹಿರಿಯೂರು ರೊಪ್ಪ:
4 ಅಡಿ ಗೋಡೆ ತೋಳಕ್ಕೆ ಒಂದೇ ನೆಗೆತ. ಮುಳ್ಳು ಸೇರಿ 6 ಅಡಿ ಆಗಲೇಬೇಕು. ಜಾಲಿ ಕೊಂಬೆಯ ಬುಡ ಒಳಗೆ, ತುದಿ ಹೊರಗೆ ಒಂದೂವರೆ ಅಡಿ ಚಾಚಿಕೊಳ್ಳಲಿ. ಒಣಗಿದ ಮುಳ್ಳು ಕುಸಿಯುತ್ತೆ, ಆಗಾಗ ಹೊಸದು ಏರಿಸಬೇಕು. ಬಹಳ ಕಡೆ ತಪ್ಪೋದು ಇಲ್ಲಿ: ಗೋಡೆ ಗಟ್ಟಿ ಇರುತ್ತೆ, ಆದ್ರೆ ಅದಕ್ಕೆ ಒತ್ತಿ ಗೊಬ್ಬರದ ತಿಪ್ಪೆ ಇರುತ್ತೆ. ಅದನ್ನು ಹತ್ತಿಯೇ ಒಳಗೆ ಇಳಿಯುತ್ತವೆ.

ಬಾಗಿಲ ತಡಿಕೆಯ ಕೆಳಗೆ ಗೇಣು ಸಂದಿದ್ರೆ ನರಿ ನುಸುಳುತ್ತೆ. ಹೊಸ್ತಿಲಿಗೆ ಚಪ್ಪಡಿ ಹಾಕಿ. ಅಗೆಯದಂತೆ ಗೋಡೆ ಬುಡದಿಂದ ಹೊರಕ್ಕೆ 2 ಅಡಿ ಚೈನ್‌ಲಿಂಕ್ ಜಾಲರಿ ನೆಲಕ್ಕೆ ಹಾಸಿ, ಮೇಲೆ ಕಲ್ಲು ಹೇರಿ. ಮರಿಗಳಿಗೆ ರೊಪ್ಪದೊಳಗೇ ಜಾಲರಿ ಚಾವಣಿಯ ಇನ್ನೊಂದು ಗೂಡು ಬೇಕು. 20 ಮರಿಗೆ 10×8 ಅಡಿ ಸಾಕು.

ಹೊಲದಲ್ಲಿ ರಾತ್ರಿ ಮಂದೆ ತರುಬುವಾಗ (ಕೂಡಿ ನಿಲ್ಲಿಸುವಾಗ) ನೈಲಾನ್ ಬಲೆಯೊಂದನ್ನೇ ನಂಬಬೇಡಿ. ತೋಳ ಬಲೆಯೊಳಗೆ ಬರೋದೇ ಇಲ್ಲ, ಹೊರಗೆ ಸುತ್ತುತ್ತೆ. ಬೆದರಿದ ಕುರಿಗಳೇ ಬಲೆ ಕಿತ್ತು ಅದರ ಬಾಯಿಗೆ ಹೋಗುತ್ತವೆ. ಗೂಟ 5 ಅಡಿಗೊಂದು ಹೊಡೆದು, ಕೆಳಗಿನ 3 ಅಡಿಗೆ ಟಾರ್ಪಾಲು ಕಟ್ಟಿದ್ರೆ ಕುರಿ, ತೋಳ ಒಂದಕ್ಕೊಂದು ಕಾಣಲ್ಲ.

ಜಗಳೂರು ಕುರಿಗಾರ:
ತುಂಬಾ ಉಪಕಾರ ಆಯ್ತು ಸರ್. ಲಸಿಕೆಗೆ ಈಗಲೇ ಹೊರಟೆ. ಲೈಟು ಹಾಕಿದ್ರೆ ಸಾಕಾಗಲ್ವಾ? ವಿಷದ ಬಗ್ಗೆ ಊರವರಿಗೆ ಏನು ಹೇಳಲಿ?

ಬಯಲುಸೀಮೆ ವನ್ಯಜೀವಿ:
ಒಂದೇ ಕಡೆ ಉರಿಯೋ ಲೈಟಿಗೆ ಬೇಗ ಒಗ್ಗಿಹೋಗುತ್ತವೆ. ಓಡಾಟ ಕಂಡಾಗ ಮಾತ್ರ ಹತ್ತುವ ಸೋಲಾರ್ ಲೈಟು ಹಾಕಿ, ವಾರಕ್ಕೊಮ್ಮೆ ಜಾಗ ಬದಲಿಸಿ. ಅಮೆರಿಕದಲ್ಲಿ ತೋಳಕ್ಕೆ ಹಗ್ಗದ ಮೇಲೆ ಅರ್ಧ ಮೀಟರಿಗೊಂದು ಕೆಂಪು ಬಟ್ಟೆಪಟ್ಟಿ ಕಟ್ಟುತ್ತಾರೆ. ಅದೂ ಸುಮಾರು ಎರಡು ತಿಂಗಳು ಕೆಲಸ ಮಾಡುತ್ತೆ, ಅದರ ಕೆಳಗೇ ಕಯೋಟಿ (ಅಲ್ಲಿನ ನರಿಯಂಥ ಪ್ರಾಣಿ) ನುಸುಳಿಬಿಡುತ್ತೆ. ಇಲ್ಲಿನ ಗಾಳಿಗೆ ಪಟ್ಟಿ ಹಗ್ಗಕ್ಕೆ ಸುತ್ತಿಕೊಳ್ಳದಂತೆ ದಿನಾ ಬಿಡಿಸಬೇಕು. ಇವೆಲ್ಲಕ್ಕಿಂತ ಮೇಲು ರೊಪ್ಪದ ಪಕ್ಕ ಮಲಗುವ ಒಬ್ಬ ಆಳು, ಕತ್ತಿಗೆ ಮೊಳೆಪಟ್ಟಿ ಹಾಕಿದ ಎರಡು ನಾಯಿ.

ವಿಷದ ಮಾಂಸ ಮೊದಲು ನಿಮ್ಮ ನಾಯಿಯನ್ನೇ ಕೊಲ್ಲುತ್ತೆ, ಆಮೇಲೆ ಹದ್ದು, ಮುಂಗುಸಿ. ಕಾನೂನಂತೂ ಸ್ಪಷ್ಟ. ತೋಳ ಮೊದಲಿಂದಲೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ (ಅತಿ ಹೆಚ್ಚು ರಕ್ಷಣೆಯ ಪಟ್ಟಿ), 2022ರ ತಿದ್ದುಪಡಿಯಲ್ಲಿ ನರಿಯೂ ಸೇರಿತು. ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಕೊಂದು ಪ್ರಯೋಜನವಾದ್ರೂ ಇದೆಯಾ ಅಂದ್ರೆ ಅದೂ ಇಲ್ಲ. ಅಮೆರಿಕದವರು ನೂರು ವರ್ಷಕ್ಕೂ ಮೇಲೆ ಗುಂಡು, ವಿಷ, ಬೋನು ಎಲ್ಲ ಹಾಕಿದ್ರು, ಕಯೋಟಿ ಪಶ್ಚಿಮದ ಬಯಲಿನಿಂದ ಇಡೀ ಖಂಡಕ್ಕೆ ಹರಡಿತು. ಖಾಲಿಯಾದ ಜಾಗಕ್ಕೆ ಹೊರಗಿನ ಎಳೇ ಪ್ರಾಣಿಗಳು ಬಂದು ಸೇರಿಕೊಳ್ಳುತ್ತವೆ. ನಮ್ಮ ಮೆಕ್ಕೆಜೋಳದ ಹೊಲದಲ್ಲಿ ಇಲಿ ಹಿಡಿಯೋದು ಇದೇ ನರಿ ಅನ್ನೋದನ್ನೂ ಊರವರಿಗೆ ಹೇಳಿ.

ಪಶುವೈದ್ಯ, ದಾವಣಗೆರೆ:
ಸತ್ತ ಕುರಿ, ಕೋಳಿ ಹಳ್ಳಕ್ಕೆ ಎಸೆಯೋದು ನಿಲ್ಲದೆ ಯಾವ ಬೇಲಿಯೂ ನಿಲ್ಲಲ್ಲ. ಬೀದಿನಾಯಿ, ನರಿ, ತೋಳ ಮೂರನ್ನೂ ಕರೆತರೋದು ಅದೇ. 6 ಅಡಿ ಗುಂಡಿ, ಸುಣ್ಣ, ಮೇಲೆ ಮಣ್ಣು, ಕಲ್ಲು. ಆದ್ರೆ ತೋಳ ಕೊಂದಿದ್ದಾದ್ರೆ ಹೂಳುವ ಮೊದಲು ಮುಟ್ಟದೆ ಫೋಟೊ ತೆಗೆದು, ವಲಯ ಅರಣ್ಯ ಕಚೇರಿಗೆ ಅಥವಾ 1926ಕ್ಕೆ ತಿಳಿಸಿ. ಮಹಜರು, ಮರಣೋತ್ತರ ಪರೀಕ್ಷೆ ವರದಿ ಇಲ್ಲದೆ ಪರಿಹಾರದ ಅರ್ಜಿ ಮುಂದೆ ಹೋಗಲ್ಲ. ನಾಯಿ ಕಡಿದಿದ್ದಕ್ಕೆ ಅರಣ್ಯ ಇಲಾಖೆ ಪರಿಹಾರ ಬರಲ್ಲ, ಅದಕ್ಕೇ ಯಾವ ಪ್ರಾಣಿ ಅನ್ನೋದು ವರದಿಯಲ್ಲಿ ಸರಿಯಾಗಿ ಬರೆಸಿ.