ದಾರಿ ತಪ್ಪಿದರೆ ಕಾಡಿನಲ್ಲಿ ಏನು ತಿನ್ನಬಹುದು?

ಪ್ರಶ್ನೆ: ಎರಡು ದಿನದ ಚಾರಣಕ್ಕೆ ಹೊರಟಿದ್ದೇವೆ. ಅಕಸ್ಮಾತ್ ದಾರಿ ತಪ್ಪಿದರೆ ತಿನ್ನಬಹುದಾದ ಕಾಡುಗಿಡಗಳ ಪಟ್ಟಿ ಕೊಡುವಿರಾ? ಹಕ್ಕಿ, ಮೊಲ ತಿನ್ನುವುದನ್ನೆಲ್ಲ ನಾವೂ ತಿನ್ನಬಹುದು ಎನ್ನುತ್ತಾನೆ ಜೊತೆಗೆ ಬರುವ ಗೆಳೆಯ.

ಉತ್ತರ (ತುರ್ತು ಚಿಕಿತ್ಸಾ ವೈದ್ಯ): ಪಟ್ಟಿ ಕೊಡುವುದಿಲ್ಲ, ಬೇಸರಿಸಬೇಡಿ. ಆರೋಗ್ಯವಂತರು ಊಟವಿಲ್ಲದೆ ವಾರಗಟ್ಟಲೆ ಬದುಕಬಲ್ಲರು. ನೀರಿಲ್ಲದೆ ಸುಮಾರು ಮೂರು ದಿನ, ಸುಡುಬಿಸಿಲಿನಲ್ಲಿ ಅಷ್ಟೂ ಇಲ್ಲ. ಗುರುತಿಲ್ಲದ ಸೊಪ್ಪು ತಿಂದು ವಾಂತಿಭೇದಿ ಶುರುವಾಯಿತೆಂದರೆ ಮೈಯಲ್ಲಿ ಉಳಿದಿದ್ದ ನೀರೂ ಹೋಯಿತು.

ನಿಮ್ಮ ಗೆಳೆಯನ ಮಾತನ್ನಂತೂ ನಂಬಬೇಡಿ. ಬೆಲ್ಲಡೋನ ಗಿಡದ ಹಣ್ಣನ್ನು ಹಕ್ಕಿಗಳು ತಿನ್ನುತ್ತವೆ. ಅದರಲ್ಲಿರುವ ಅಟ್ರೋಪಿನ್ ವಿಷವನ್ನು ಒಡೆಯುವ ಕಿಣ್ವ ಕೆಲವು ಮೊಲಗಳಲ್ಲಿದೆ, ನಮ್ಮಲ್ಲಿಲ್ಲ. ಚೂರು ನಾಲಿಗೆಗಿಟ್ಟು ಕಾದು ನೋಡುವ ಪರೀಕ್ಷೆಯೂ ಕೈಕೊಡುತ್ತದೆ. ಡೆತ್ ಕ್ಯಾಪ್ ಅಣಬೆ ಬಾಯಿಗೆ ರುಚಿಯಾಗಿಯೇ ಇರುತ್ತದಂತೆ. ವಾಂತಿ ಶುರುವಾಗುವುದು ಸಾಮಾನ್ಯವಾಗಿ 6ರಿಂದ 12 ಗಂಟೆಗಳ ಬಳಿಕ. ಆಮೇಲೆ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ, ಅಷ್ಟರಲ್ಲಿ ಯಕೃತ್ತು ಹಾಳಾಗುತ್ತಿರುತ್ತದೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಚಿಕ್ಕಂದಿನಿಂದ ಕಿತ್ತು ತಿಂದು ಗೊತ್ತಿರುವ ಹಣ್ಣು ಕಂಡರೆ ತಿನ್ನಿ, ಉಳಿದದ್ದರ ತಂಟೆ ಬೇಡ.

ಮರುಪ್ರಶ್ನೆ: ಹಾಗಾದರೆ ಗಿಡಗಳಿಂದ ನೀರಾದರೂ ಸಿಕ್ಕೀತೇ? ಕಳ್ಳಿ ಸೀಳಿದರೆ ನೀರು ಬರುತ್ತದಲ್ಲವೇ? ಇರುವ ನೀರನ್ನು ಗುಟುಕು ಗುಟುಕಾಗಿ ಉಳಿಸಿಕೊಳ್ಳಬೇಕೇ?

ಉತ್ತರ: ಕಳ್ಳಿಯ ನೀರು ಸಿನಿಮಾದ ಮಾತು. ಹೆಚ್ಚಿನ ಕಳ್ಳಿಗಳ ತಿರುಳಿನಲ್ಲಿ ಹೊಟ್ಟೆ ಕೆಡಿಸುವ ಆಮ್ಲ, ಆಲ್ಕಲಾಯ್ಡ್‌ಗಳಿರುತ್ತವೆ. ಬಿಳಿ ಹಾಲು ಸುರಿಸುವ ಗಿಡವಾದರೆ ಮುಟ್ಟಲೂ ಬೇಡಿ. ಹಾಲು ಕಣ್ಣಿಗೆ ಸಿಡಿದರೆ ಇನ್ನೊಂದು ಫಜೀತಿ. ಅದಕ್ಕಿಂತ ಒಂದೆರಡು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲ ಒಯ್ಯಿರಿ. ಬಿಸಿಲು ಬೀಳುವ, ಎಲೆ ತುಂಬಿದ ಕೊಂಬೆಗೆ ಚೀಲ ತೊಡಿಸಿ, ಬಾಯಿ ಬಿಗಿದು, ಒಂದು ಮೂಲೆ ತಗ್ಗಿಗೆ ಬರುವಂತೆ ಕಟ್ಟಿ. ಎಲೆ ಬಿಟ್ಟ ಆವಿ ಒಳಮೈಯಲ್ಲಿ ಹನಿಗಟ್ಟಿ ಆ ಮೂಲೆಗೆ ಇಳಿಯುತ್ತದೆ. ಸಂಜೆಗೆ ಕೆಲವು ಗುಟುಕು ಸಿಕ್ಕರೆ ಪುಣ್ಯ. ಕಣಗಿಲೆಯಂಥ ವಿಷದ ಗಿಡಕ್ಕೆ ಮಾತ್ರ ಕಟ್ಟಬೇಡಿ.

ಇರುವ ನೀರನ್ನು ಬಾಯಾರಿದಾಗ ಕುಡಿಯಿರಿ. ಬಾಟಲಿಯಲ್ಲಿ ನೀರಿಟ್ಟುಕೊಂಡೇ ಕುಸಿದುಬಿದ್ದವರಿದ್ದಾರೆ. ಉಳಿಸಬೇಕಾದದ್ದು ಬೆವರನ್ನು. ಸೆಕೆಯಲ್ಲಿ ದಾಪುಗಾಲು ಹಾಕಿದರೆ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹರಿಯಬಹುದು. ಮಧ್ಯಾಹ್ನ ನೆರಳಿನಲ್ಲಿ ಕುಳಿತು, ಬಿಸಿಲು ತಗ್ಗಿದ ಮೇಲೆ ಅಲುಗಾಡಿ. ನೀರು ಕಡಿಮೆಯಿದ್ದಾಗ ಕಡಲೆಬೀಜ, ಮಾಂಸವೂ ಬೇಡ: ಪ್ರೋಟೀನ್ ಕರಗಿ ಉಳಿಯುವ ಯೂರಿಯಾವನ್ನು ಹೊರಹಾಕಲು ಮೂತ್ರಪಿಂಡಗಳು ನೀರು ಕೇಳುತ್ತವೆ.

ತೊರೆಯ ನೀರನ್ನು ಒಂದು ನಿಮಿಷ ಕುದಿಸಿ, 2000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ. ಬೆಂಕಿಯೇ ಇಲ್ಲ, ತಲೆ ಸುತ್ತುತ್ತಿದೆ ಎಂದಾದರೆ ಹಾಗೆಯೇ ಕುಡಿಯಿರಿ. ಕೊಳಕು ನೀರಿನಿಂದ ಬಂದು ಭೇದಿ ತರುವ ಜಿಯಾರ್ಡಿಯಾ ಎಂಬ ಪರೋಪಜೀವಿ ಕಾಡುವುದು ಸಾಮಾನ್ಯವಾಗಿ ಒಂದು ವಾರದ ನಂತರ, ಅದಕ್ಕೆ ಔಷಧವಿದೆ.

ಇನ್ನೊಬ್ಬ ಸದಸ್ಯರು: ಕೊನೆಗೆ ಮೂತ್ರ ಕುಡಿಯಬಹುದೇ, ಡಾಕ್ಟರೇ?

ಉತ್ತರ: ಬೇಡ. ದೇಹ ಹೊರಹಾಕಿದ ಉಪ್ಪು, ಯೂರಿಯಾ ಮತ್ತೆ ಒಳಗೆ ಹೋಗುತ್ತವೆ. ಅದರಲ್ಲಿ ಬಟ್ಟೆ ನೆನೆಸಿ ಕತ್ತಿನ ಮೇಲೆ ಹಾಕಿಕೊಂಡರೆ ಮೈಯಾದರೂ ತಂಪಾಗುತ್ತದೆ.