ಲೇಕ್ ಟಾಹೋಗೆ ಹಿಂದೆ ಜನ ಹೇಗೆ ಬರುತ್ತಿದ್ದರು? ಅಪ್ಪನ ಪ್ರಶ್ನೆ

ಚೌಚೌಬಾತ್:
ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ನಾವಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಶನಿವಾರ ಟಾಹೋಗೆ ಹೊರಟಿದ್ದೇವೆ. ಅಪ್ಪ ರೈಲ್ವೆಯಲ್ಲಿದ್ದು ರಿಟೈರ್ ಆದವರು. ‘ಕಾರಿಲ್ಲದ ಕಾಲದಲ್ಲಿ ಬೆಟ್ಟದ ಮೇಲಿನ ಕೆರೆಗೆ ಜನ ಹೇಗೆ ಬರುತ್ತಿದ್ದರು?’ ಅಂತ ಮೂರು ದಿನದಿಂದ ಕೇಳುತ್ತಿದ್ದಾರೆ. ನನಗೆ ಗೊತ್ತಿರುವುದು ಸ್ಕೀಯಿಂಗ್, ಕ್ಯಾಸಿನೊ ಅಷ್ಟೇ.

ಧಾರವಾಡದವಳು:
ಆ ಕೆರೆಯ ಎಮರಾಲ್ಡ್ ಬೇ ಅನ್ನೋ ಕೊಲ್ಲಿ ಬಿಡಬೇಡಿ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಪಾರ್ಕಿಂಗ್ ಸಿಗುವುದಿಲ್ಲ.

ಹಳೇಮೈಸೂರು:
ರೈಲೇ ಇತ್ತು, ಅಪ್ಪನಿಗೆ ಹೇಳಿ! 1900ರಲ್ಲಿ ಟ್ರಕಿ ಅನ್ನೋ ಊರಿಂದ ಕೆರೆ ದಡದ ಟಾಹೋ ಸಿಟಿಗೆ ನ್ಯಾರೋ ಗೇಜ್, ಅಂದರೆ ಹಳಿಗಳ ನಡುವೆ ಅಂತರ ಕಡಿಮೆ ಇರುವ ಸಣ್ಣ ರೈಲು, ಹಾಕಿದರು. ಸ್ಯಾನ್ ಫ್ರಾನ್ಸಿಸ್ಕೊದ ದುಡ್ಡಿರುವವರು ಟ್ರಕಿಯಲ್ಲಿ ದೊಡ್ಡ ರೈಲು ಇಳಿದು ಇದನ್ನು ಹತ್ತುತ್ತಿದ್ದರು. ಈ ಕಡೆ ಜೆಟ್ಟಿಯಲ್ಲಿ ‘ಟಾಹೋ’ ಅನ್ನೋ 169 ಅಡಿ ಉದ್ದದ ಸ್ಟೀಮರ್. ಜನ, ಟ್ರಂಕು, ಟಪಾಲು ಎಲ್ಲ ಅದರಲ್ಲೇ.

ತಮಾಷೆ ಕೇಳಿ. ಇದನ್ನೆಲ್ಲ ಮಾಡಿಸಿದ್ದು ಡ್ವೇನ್ ಬ್ಲಿಸ್ ಅನ್ನೋ ಮರದ ವ್ಯಾಪಾರಿಯ ಮನೆಯವರು. ನೆವಾಡಾದ ಬೆಳ್ಳಿ ಗಣಿಗಳಿಗೆ ಅಂತ ಕೆರೆ ಸುತ್ತಲಿನ ಕಾಡು ಕಡಿಸಿದ್ದೂ ಇವರ ಕಂಪನಿಯೇ. ಮರ ಮುಗಿಯಿತು. ದಿಮ್ಮಿ ಸಾಗಿಸುತ್ತಿದ್ದ ಹಳಿಗಳನ್ನೇ ಕಿತ್ತು, ಕೆರೆ ದಾಟಿಸಿ ತಂದು ಪ್ರವಾಸಿಗರ ರೈಲಿಗೆ ಹಾಕಿದರು. ಬುದ್ಧಿವಂತರು, ಅಲ್ವಾ?

ಕಾರು ಬಂದ ಮೇಲೆ ಸ್ಟೀಮರನ್ನು ಕೇಳುವವರಿಲ್ಲ. ಗುಜರಿಗೆ ಹಾಕಲು ಮನಸ್ಸಾಗದೆ 1940ರಲ್ಲಿ ಆ ಮನೆಯವರೇ ಗ್ಲೆನ್‌ಬ್ರೂಕ್ ಹತ್ತಿರ ಮುಳುಗಿಸಿದರು. ಗಾಜಿನ ತಳದ ದೋಣಿಯಲ್ಲಿ ಬಂದು ಜನ ನೋಡಲಿ ಅಂತ ಆಸೆ. ಲೆಕ್ಕ ತಪ್ಪಿತು. ಹಡಗು ಕಣ್ಣಿಗೆ ಕಾಣದ ಆಳಕ್ಕೆ ಹೋಗಿ ಕೂತಿತು. ಈ ಕೆರೆ 1,645 ಅಡಿ ಆಳ, ಹತ್ತಿರ ಹತ್ತಿರ ಎರಡು ಜೋಗ!

ರೈಲೂ 1940ರ ದಶಕದಲ್ಲೇ ಹೋಯಿತು. ಟಾಹೋ ಸಿಟಿಯ ಪುಟ್ಟ ಅಣೆಕಟ್ಟಿಗೆ ಮಾತ್ರ ಕರೆದುಕೊಂಡು ಹೋಗಿ. ಕೆರೆ ನೀರು ಹೊರಗೆ ಹರಿಯುವುದು ಅದೊಂದೇ ಕಡೆ. ನಮ್ಮ ಅತ್ತೆ ಬೆರಳು ಮಡಚುತ್ತಾ 17 ಗೇಟು ಎಣಿಸಿ, ‘ಕೆ.ಆರ್.ಎಸ್. ಮುಂದೆ ಇದೇನು ಮಹಾ’ ಅಂದುಬಿಟ್ಟರು. ಸ್ವೆಟರ್ ಮರೆಯಬೇಡಿ. 6,200 ಅಡಿ ಎತ್ತರ. ನಮ್ಮ ಕೋಡುಬಳೆ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬಿಕೊಂಡಿತ್ತು.

ಚೌಚೌಬಾತ್:
ಓದಿ ಹೇಳಿದೆ. ‘ಗೇಜು ಎರಡೂವರೆ ಅಡಿಯಾ, ಮೂರಾ?’ ಅಂತ ಈಗ ಹೊಸ ಪ್ರಶ್ನೆ.

ಹಳೇಮೈಸೂರು:
ಮೂರು. 1926ರಲ್ಲಿ ಸ್ಟ್ಯಾಂಡರ್ಡ್ ಗೇಜ್, ಅಂದರೆ ದೊಡ್ಡ ರೈಲಿನ ಅಳತೆಗೆ, ಮಾಡಿದರು. ಅದನ್ನೂ ಈಗಲೇ ಹೇಳಿಬಿಡಿ, ಇಲ್ಲದಿದ್ದರೆ ನಾಳೆ ಕೇಳುತ್ತಾರೆ.